ಕಾಕಾನಿಗೆ ಹೇಳದೆ ಬಿಟ್ಟ ಮಾತು

ನನ್ನ ಉಪ್ಪ ಸೊಂಟನೋವಿನಿಂದ ತೀರಿಕೊಂಡರು ಎಂದೇ ಊರಿನವರು ಇವತ್ತಿಗೂ ತಿಳಿದಿದ್ದಾರೆ. ಉಪ್ಪ ಅಂದರೆ ನಮ್ಮ ಬ್ಯಾರಿ ಮನೆಮಾತಿನಲ್ಲಿ ತಂದೆ. ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟುಕೊಂಡಿದ್ದರು. ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡರು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡರು, ಮೂಟೆ ಎತ್ತಿದ್ದರಿಂದ ಹೀಗಾಯಿತು ಎಂದು ತಮ್ಮನ್ನೇ ಬೈದುಕೊಂಡರು. ರಾತ್ರಿ ಹತ್ತು ಸಲ ಮೂತ್ರಕ್ಕೆ ಏಳುತ್ತಿದ್ದುದನ್ನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಮಾಡಿಸಿದ ರಿಪೋರ್ಟುಗಳನ್ನು ನನ್ನ ತಮ್ಮ ದೋಹಾಕ್ಕೆ ಅಂಚೆಯಲ್ಲಿ ಕಳಿಸಿದ. ನಾನು ಲ್ಯಾಬ್ ಟೆಕ್ನಿಷಿಯನ್, ಓದಿ ಹೇಳುತ್ತೇನೆ ಎಂದು ಅವನ ನಂಬಿಕೆ. ಲಕೋಟೆ ಒಡೆದು ನಿಂತಲ್ಲೇ ಓದಿದೆ. ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿಯಾಗಿತ್ತು. ರಜೆ ಸಿಕ್ಕಿ ನಾನು ಊರು ಮುಟ್ಟುವಾಗ ಉಪ್ಪನನ್ನು ಮಣ್ಣು ಮಾಡಿ ನಾಲ್ಕು ದಿನವಾಗಿತ್ತು.

ನಾನು ಆಗ ಕೆಲಸ ಮಾಡುತ್ತಿದ್ದುದು ಒಂದು ಖಾಸಗಿ ಪಾಲಿಕ್ಲಿನಿಕ್ಕಿನ ಲ್ಯಾಬಿನಲ್ಲಿ. ದೋಹಾದ ಬಿನ್ ಒಮ್ರಾನ್ ಬಡಾವಣೆಯ ನನ್ನ ರೂಮಿನಿಂದ ನಡೆದೇ ಹೋಗುವಷ್ಟು ದೂರ. ಆ ಕ್ಲಿನಿಕ್ ಈಗ ಇಲ್ಲ, ಅದಿದ್ದ ಕಟ್ಟಡವೂ ಇಲ್ಲ. ಉಪ್ಪ ಹೋದ ಮರುವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ಅಲ್ಲಿಗೆ ಬಂದ ಮೂತ್ರರೋಗದ ಡಾಕ್ಟರೊಬ್ಬರು ಒಂದು ಸಂಶೋಧನೆಗೆ ಕೈಹಾಕಿದರು. ಪಿಎಸ್ಎ ಎಂಬ ರಕ್ತಪರೀಕ್ಷೆ ಆಗ ನಮಗೆಲ್ಲ ಹೊಸತು. ಪ್ರಾಸ್ಟೇಟಿನಲ್ಲಿ ಏನೋ ಕೆಟ್ಟಿದ್ದರೆ ರಕ್ತದಲ್ಲಿ ಆ ಅಂಕಿ ಏರುತ್ತದೆ. ನಾಲ್ಕು ದಾಟಿದರೆ ಅನುಮಾನ. ಐವತ್ತು ತುಂಬಿದ, ಯಾವ ತೊಂದರೆಯೂ ಇಲ್ಲದ ಗಂಡಸರ ರಕ್ತ ನೋಡಬೇಕು, ಅನುಮಾನ ಇದ್ದವರಿಗೆ ಬಯಾಪ್ಸಿ ಮಾಡಬೇಕು, ಕ್ಯಾನ್ಸರ್ ಸಿಕ್ಕರೆ ಬೇಗ ಚಿಕಿತ್ಸೆ ಕೊಟ್ಟು ಮುಂದೆ ಅವರು ಹೇಗಿರುತ್ತಾರೆಂದು ವರ್ಷವರ್ಷವೂ ಬರೆದಿಡಬೇಕು. ಇದು ಅವರ ಯೋಜನೆ.

"ನಮ್ಮ ಪುಸ್ತಕಗಳಲ್ಲಿರುವುದೆಲ್ಲ ಬಿಳಿಯರ ಮೈಯ ಲೆಕ್ಕ. ಇಲ್ಲಿ ದುಡಿಯುವವರನ್ನು ಯಾರೂ ನೋಡಿಲ್ಲ," ಅಂದರು ಡಾಕ್ಟರು.

ಒಳ್ಳೆಯ ಮನುಷ್ಯನೇ. ಅದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ. ಯಾರೂ ಕರೆಯುವ ಮೊದಲೇ ನಾನು ಅವರ ಕೆಲಸಕ್ಕೆ ಸೇರಿಕೊಂಡೆ.

ಒಂದು ದೊಡ್ಡ ಕಟ್ಟಡ ಕಂಪನಿ ತನ್ನ ಲೇಬರ್ ಕ್ಯಾಂಪಿನೊಳಗೆ ಬಂದು ರಕ್ತ ತೆಗೆಯಲು ನಮಗೆ ಒಪ್ಪಿಗೆ ಕೊಟ್ಟಿತು. ಕ್ಯಾಂಪ್ ಇದ್ದುದು ಸನಾಯಾದಲ್ಲಿ, ಅಂದರೆ ಊರ ಹೊರಗಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಶುಕ್ರವಾರ ರಜೆಯಾದ್ದರಿಂದ ನಮಾಜು ಮುಗಿಸಿ ಡಾಕ್ಟರ ಕಾರಿನಲ್ಲಿ ಹೋಗುತ್ತಿದ್ದೆವು. ಒಪ್ಪಿಗೆಪತ್ರ ಇಂಗ್ಲಿಷಿನಲ್ಲೂ ಅರಬಿಯಲ್ಲೂ ಇತ್ತು. ಮಲಯಾಳಿಗಳಿಗೆ ಮಲಯಾಳದಲ್ಲಿ, ಉತ್ತರದವರಿಗೆ ಹಿಂದಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಅದನ್ನು ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು.

ಆ ಕ್ಯಾಂಪಿನ ಕನ್ನಡದವರು ಹೆಚ್ಚಾಗಿ ಬಾಗಲಕೋಟೆ, ವಿಜಾಪುರದ ಕಡೆಯವರು. ಅವರಲ್ಲಿ ಹಿರಿಯ ಒಬ್ಬ ಸ್ಕ್ಯಾಫೋಲ್ಡಿಂಗ್ ಫೋರ್‌ಮನ್. ಕಟ್ಟಡದ ಸುತ್ತ ಕಬ್ಬಿಣದ ಪೈಪು ಕಟ್ಟಿ, ಮೇಲೆ ಜನ ನಿಲ್ಲುವ ಅಟ್ಟ ಹಾಕಿಸುವುದು ಅವನ ಕೆಲಸ. ಕತಾರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ಎಲ್ಲರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವನು ನನ್ನನ್ನು ಸಾಹೇಬ್ರ ಅನ್ನುತ್ತಿದ್ದ. ಅವನ ಕಡೆ ಮುಸಲ್ಮಾನರನ್ನು ಹಾಗೆಯೇ ಕರೆಯುವುದು. ನನ್ನ ಬಿಳಿ ಕೋಟಿಗೂ ಅದು ಹೊಂದಿಕೊಂಡಿತು. ಶುಕ್ರವಾರ ಅವನ ರೂಮಿನಲ್ಲಿ ಜೋಳದ ರೊಟ್ಟಿಯ ಸದ್ದು. ಸ್ಟೋವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವನು ತಟ್ಟುತ್ತಿದ್ದರೆ ಎಂಟು ಮಂದಿ ತಟ್ಟೆ ಹಿಡಿದು ಕಾಯುತ್ತಿದ್ದರು.

ಮೊದಲ ಶುಕ್ರವಾರ ಆ ರೂಮಿನಲ್ಲಿ ಒಬ್ಬನೂ ತೋಳು ಮುಂದೆ ಚಾಚಲಿಲ್ಲ. ರಕ್ತದ ಜೊತೆಗೆ ಡಾಕ್ಟರು ಹಿಂಬದಿಯಿಂದ ಬೆರಳು ಹಾಕಿ ಗ್ರಂಥಿ ಮುಟ್ಟಿ ನೋಡುತ್ತಾರೆ ಎಂದು ಹೇಳಿದ ಕೂಡಲೇ ನಗು ಎದ್ದಿತು. ಕಾಕಾನೂ ನಕ್ಕ.

"ಸಾಹೇಬ್ರ, ನನಗ ಜ್ವರಾನೂ ಬಂದಿಲ್ರೀ ಹದಿನೆಂಟ ವರ್ಷದಾಗ. ಇದೆಲ್ಲ ಯಾಕ ಬೇಕ್ರೀ?"

"ಜ್ವರ ಬರುವ ಕಾಯಿಲೆ ಅಲ್ಲ ಕಾಕಾ ಇದು. ಎಂತದೂ ಗೊತ್ತಾಗುವುದಿಲ್ಲ. ಗೊತ್ತಾಗುವಾಗ ಎಲುಬಿಗೆ ಹೋಗಿರ್ತದೆ."

"ನಿಮಗ್ಯಾರ ಹೇಳಿದ್ರು?"

ಆಗ ನಾನು ಉಪ್ಪನ ವಿಷಯ ಹೇಳಿದೆ. ಎಣ್ಣೆ ತಿಕ್ಕಿಸಿಕೊಂಡದ್ದು, ಪಟ್ಟಿ ಬಿಗಿದುಕೊಂಡದ್ದು, ಕೊನೆಯ ತಿಂಗಳು ಮಗ್ಗುಲು ಬದಲಿಸಲು ಇಬ್ಬರು ಹಿಡಿಯಬೇಕಾಗುತ್ತಿದ್ದುದು. ತಮ್ಮ ಬರೆದದ್ದನ್ನೆಲ್ಲ ನಾನೇ ಕಂಡವನಂತೆ ಹೇಳಿದೆ. ರೂಮಿನಲ್ಲಿ ನಗು ನಿಂತಿತು. ಕಾಕಾ ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡ.

"ಕಂಪನಿಗೆ ಗೊತ್ತಾಕ್ಕೈತೇನ್ರೀ?"

"ಇಲ್ಲ. ನಿಮಗೆ ಮತ್ತು ಡಾಕ್ಟರಿಗೆ ಮಾತ್ರ. ಇಲ್ಲೇ ಬರೆದುಂಟು ನೋಡಿ," ಎಂದು ಅವನಿಗೆ ಓದಲು ಬಾರದ ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟೆ.

ಕಾಕಾ ಕನ್ನಡದಲ್ಲಿ ದುಂಡಗೆ ಸಹಿ ಹಾಕಿ ತೋಳು ಚಾಚಿದ. ಅವನ ಹಿಂದೆ ಐವತ್ತು ದಾಟಿದ ಎಲ್ಲರೂ ಬಂದರು. ಹೊರಡುವಾಗ ನನಗೂ ಡಾಕ್ಟರಿಗೂ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಕಾರಿನಲ್ಲಿ ಡಾಕ್ಟರು ಅದನ್ನು ತಿನ್ನುತ್ತ, "ನೀನಿಲ್ಲದಿದ್ದರೆ ಇವತ್ತು ಖಾಲಿ ಕೈಯಲ್ಲಿ ವಾಪಸು ಬರುತ್ತಿದ್ದೆ," ಅಂದರು. ನನಗೆ ಹೆಮ್ಮೆಯಾಯಿತು. ಅದನ್ನೂ ಮುಚ್ಚಿಡಬಾರದು.

ಕಾಕಾನ ರಕ್ತವನ್ನು ಮಷಿನ್ನಿಗೆ ಹಾಕಿದವನು ನಾನೇ. ಅಂಕಿ ನಾಲ್ಕಕ್ಕಿಂತ ತುಸು ಮೇಲೆ ಬಂತು. ಮತ್ತೊಮ್ಮೆ ಹಾಕಿದೆ, ಅಷ್ಟೇ ಬಂತು. ಬೆರಳಿಗೆ ಡಾಕ್ಟರಿಗೆ ಏನೂ ಸಿಕ್ಕಿರಲಿಲ್ಲ. ಆದರೂ ನಿಯಮದ ಪ್ರಕಾರ ಬಯಾಪ್ಸಿ ಮಾಡಬೇಕು. ಆ ದಿನ ಭಾಷೆಗಾಗಿ ನಾನು ಅವನ ತಲೆಯ ಬಳಿ ನಿಂತಿದ್ದೆ. ಕಾಕಾ ಗೋಡೆಗೆ ಮುಖ ಮಾಡಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಮಲಗಿದ್ದ. ಸೂಜಿ ಒಳಹೋಗುವಾಗ ಸ್ಟೇಪ್ಲರ್ ಒತ್ತಿದಂಥ ಸದ್ದು. ಆರು ಸಲ. ಪ್ರತಿ ಸಲವೂ ಅವನ ಕೈ ನನ್ನ ಮಣಿಕಟ್ಟನ್ನು ಹಿಂಡುತ್ತಿತ್ತು. ಮುಗಿದ ಮೇಲೆ ಲುಂಗಿ ಸರಿಮಾಡಿಕೊಳ್ಳುತ್ತ, "ಇದನ್ನ ಯಾರ ಮುಂದೂ ಹೇಳಬ್ಯಾಡ್ರೀ," ಅಂದ.

ಆರು ಚೂರುಗಳಲ್ಲಿ ಒಂದರ ತುದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ತೀರ ಸಣ್ಣದು, ನಿಧಾನದ ಜಾತಿಯದು ಎಂದು ರಿಪೋರ್ಟ್. ಡಾಕ್ಟರ ಮುಖ ಅರಳಿತು. ಅವರು ಹುಡುಕುತ್ತಿದ್ದುದು ಇದನ್ನೇ, ತೊಂದರೆ ಶುರುವಾಗುವ ಮೊದಲು ಸಿಗುವಂಥದನ್ನು. ಕಾಕಾನನ್ನು ಕರೆಸಿದರು. ಮೇಜಿನ ಆ ಕಡೆ ಡಾಕ್ಟರು, ಈ ಕಡೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ ಕಾಕಾ, ನಡುವೆ ನಾನು.

ಡಾಕ್ಟರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಅವು ಇವತ್ತಿಗೂ ನನಗೆ ಬಾಯಿಪಾಠ. ಮೊದಲನೆಯದು: ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದುಬಿಡುವುದು ನನ್ನ ಸಲಹೆ, ಬೇಗ ಸಿಕ್ಕಿದ್ದರಿಂದ ಪೂರ್ತಿ ಗುಣವಾಗಬಹುದು. ಎರಡನೆಯದು: ಇಷ್ಟು ಸಣ್ಣದಾದರೆ ಸುಮ್ಮನೆ ಪರೀಕ್ಷೆ ಮಾಡಿಸುತ್ತ ಕಾಯಬಹುದು ಎನ್ನುವ ಡಾಕ್ಟರುಗಳೂ ಇದ್ದಾರೆ, ಯಾವುದು ಸರಿ ಎಂದು ಇನ್ನೂ ಯಾರಿಗೂ ಖಚಿತವಿಲ್ಲ, ಆಪರೇಷನ್ನಿನಿಂದ ಮೂತ್ರದ ಹಿಡಿತ ತಪ್ಪುವುದು, ಗಂಡಸುತನ ಹೋಗುವುದು ಉಂಟು, ಯೋಚಿಸಿ ಹೇಳಲಿ.

ನಾನು ಮೊದಲನೆಯದನ್ನು ಮಾತ್ರ ಹೇಳಿದೆ.

ಮರೆತು ಬಿಟ್ಟದ್ದಲ್ಲ. ಕಾಯಬಹುದು ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನಗೆ ಸಿಟ್ಟು ಬಂತು. ಉಪ್ಪ ಕಾದದ್ದು ಏನಾಯಿತೆಂದು ನನಗೆ ಗೊತ್ತಿತ್ತು. ಈ ಮನುಷ್ಯನಿಗೆ ಕಾಯುವ ದಾರಿ ತೋರಿಸಿದರೆ ಅದನ್ನೇ ಹಿಡಿಯುತ್ತಾನೆ, ಸಾಯುತ್ತಾನೆ ಅನ್ನಿಸಿತು. "ಆಪರೇಷನ್ ಮಾಡಿಸಬೇಕು ಕಾಕಾ, ಬೇರೆ ದಾರಿ ಇಲ್ಲ. ಮಾಡಿಸಿದರೆ ಖಲಾಸ್, ಕಾಯಿಲೆ ಹೋಯ್ತು," ಅಂದೆ. "ಬೇರೆ ದಾರಿ ಇಲ್ಲ" ಎಂಬುದು ನಾನು ನನ್ನ ಕೈಯಿಂದ ಸೇರಿಸಿದ್ದು.

"ಎಲ್ಲಾ ಹೇಳಿದೆಯಾ?" ಡಾಕ್ಟರು ಕೇಳಿದರು.

"ಹೇಳಿದೆ."

ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲೇ ಕಂಪನಿಯ ಆಫೀಸಿನಿಂದ ಕಾಕಾನಿಗೆ ಕರೆ ಬಂತು. ಅವರ ಬಳಿ ಅವನ ಬಯಾಪ್ಸಿ ರಿಪೋರ್ಟಿನ ಪ್ರತಿ ಇತ್ತು. ಎತ್ತರದ ಕೆಲಸಕ್ಕೆ ಅನ್‌ಫಿಟ್, ವೀಸಾ ರದ್ದು, ಟಿಕೆಟ್ ತಯಾರಿದೆ, ಭಾನುವಾರ ಹೊರಡಬೇಕು ಎಂದು ಕ್ಯಾಂಪ್ ಬಾಸ್ ಹೇಳಿದನಂತೆ. ಆ ಸುದ್ದಿ ತಂದವನು ಅವನ ರೂಮಿನ ವೆಲ್ಡರ್. ನಾನು ರಕ್ತದ ಸೆಂಟ್ರಿಫ್ಯೂಜ್ ಮಷಿನ್ನು ತಿರುಗುತ್ತಿರುವಾಗಲೇ ಬಿಟ್ಟು ಡಾಕ್ಟರ ಕೋಣೆಗೆ ಓಡಿದೆ.

"ರಿಪೋರ್ಟ್ ಅವರಿಗೆ ಹೇಗೆ ಹೋಯಿತು ಸರ್? ಯಾರಿಗೂ ಕೊಡುವುದಿಲ್ಲ ಅಂತ ಪತ್ರದಲ್ಲಿ ಉಂಟಲ್ಲ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಂಪನಿಯ ಕ್ಲಿನಿಕ್ಕಿಗೆ ಒಂದು ಪ್ರತಿ ಕೊಡಬೇಕೆಂಬ ಷರತ್ತಿನ ಮೇಲೆಯೇ ಅವರು ಗೇಟು ತೆಗೆದದ್ದು. ಅದು ಚಿಕಿತ್ಸೆಗಾಗಿ ಅಂದುಕೊಂಡಿದ್ದೆ."

"ನನಗೆ ಹೇಳಲಿಲ್ಲ."

"ಹೇಳಿದ್ದರೆ ನೀನು ಅವರಿಗೆ ಹೇಳುತ್ತಿದ್ದೆ. ಯಾರೂ ರಕ್ತ ಕೊಡುತ್ತಿರಲಿಲ್ಲ."

ಅವರು ಕಂಪನಿಗೆ ಎರಡು ಸಲ ಫೋನು ಮಾಡಿದರು, ನನ್ನೆದುರಿಗೇ. ಆಪರೇಷನ್ ಇಲ್ಲೇ ಆಗಲಿ, ಆಮೇಲೆ ಕಳಿಸಿ ಎಂದು ಕೇಳಿದರು. ಎರಡನೆಯ ಸಲ ಆ ಕಡೆಯವರು ಮಾತಿನ ನಡುವೆಯೇ ಫೋನು ಇಟ್ಟರು.

ಭಾನುವಾರ ಏರ್‌ಪೋರ್ಟಿಗೆ ಹೋದೆ. ಕಾಕಾ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಿದ್ದ. ಬಯಾಪ್ಸಿಯ ಗಾಜಿನ ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟು ಕೊಟ್ಟೆ. ಮುಂಬಯಿಗೆ ಹೋಗಿ ತಡಮಾಡದೆ ಆಪರೇಷನ್ ಮಾಡಿಸಿಕೊಳ್ಳಬೇಕು ಅಂದೆ. ಆಗಲೂ ಅದನ್ನೇ ಅಂದೆ.

"ಕಂಪನಿಗೆ ಗೊತ್ತಾಗೂದಿಲ್ಲ ಅಂದಿದ್ರೆಲ್ಲ ಸಾಹೇಬ್ರ?"

"ನನಗೂ ಗೊತ್ತಿರಲಿಲ್ಲ ಕಾಕಾ. ಅಲ್ಲಾನ ಆಣೆ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಇರ್ಲಿ ಬಿಡ್ರಿ. ಜೀವಾ ಉಳಸಾಕ ಅಂತ ಮಾಡೀರಿ," ಅಂದ. ಡಬ್ಬಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ, ಅಂಗಿಯೊಳಗೆ ಇಟ್ಟುಕೊಂಡ.

ಏಳೆಂಟು ತಿಂಗಳ ಮೇಲೆ ಅವನ ಪತ್ರ ಬಂತು. ಅದೇ ದುಂಡಗಿನ ಅಕ್ಷರ. ಮುಂಬಯಿಯಲ್ಲಿ ಆಪರೇಷನ್ ಆಗಿದೆ, ಆದರೆ ಮೂತ್ರ ನಿಲ್ಲುವುದಿಲ್ಲ. ಕೆಮ್ಮಿದರೆ, ನಕ್ಕರೆ, ಎದ್ದರೆ ಒದ್ದೆ. ಹಳೇ ಧೋತರ ಹರಿದು ಮಡಿಚಿ ಕಟ್ಟಿಕೊಳ್ಳುತ್ತೇನೆ. ನಾಲ್ಕು ಮಂದಿಯ ನಡುವೆ ಕೂರಲು ವಾಸನೆಯ ಭಯ. ಊರಿನಲ್ಲೇ ಒಬ್ಬ ಕಾಂಟ್ರಾಕ್ಟರು ಕೆಲಸಕ್ಕೆ ಕರೆದಿದ್ದ, ಹೋಗಲಿಲ್ಲ. ಹೆಂಡತಿಯ ಮುಂದೆ ಇನ್ನು ನಾನು ಗಂಡಸಲ್ಲ. ಇಷ್ಟನ್ನು ನೇರವಾಗಿ ಬರೆದಿದ್ದ. ಆಮೇಲೆ ಕೇಳಿದ್ದ: "ಆಪರೇಷನ್ ಆದ ಮ್ಯಾಲ ಇಲ್ಲಿ ಇನ್ನೊಬ್ಬ ಡಾಕ್ಟರು ಕಾಗದಾ ನೋಡಿ, ಇಷ್ಟ ಸಣ್ಣದಿತ್ತು, ಕಾಯಬಹುದಿತ್ತಲ್ಲ, ಅಲ್ಲಿ ಯಾರೂ ಹೇಳಲಿಲ್ಲೇನು ಅಂದ್ರು. ಅಲ್ಲಿ ನಮ್ಮ ಡಾಕ್ಟರು ಹಂಗ ಅಂದಿದ್ರೇನ್ರೀ? ನನಗ ನೆನಪಾಗವಲ್ದು."

ಆ ಪತ್ರವನ್ನು ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಬರೆದೆ: ಇಲ್ಲ ಕಾಕಾ, ಅವರು ಹಾಗೆ ಹೇಳಿರಲಿಲ್ಲ. ಒಂದೇ ಸಾಲಿನಲ್ಲಿ ನನ್ನ ತಪ್ಪನ್ನು ಡಾಕ್ಟರ ಮೈಮೇಲೆ ಹಾಕಿದೆ. ಉತ್ತರವಾಗಿ ರಜೆಯಿಂದ ಬಂದ ಅವನ ಊರಿನವನೊಬ್ಬ ಶೇಂಗಾ ಚಟ್ನಿಯ ಪೊಟ್ಟಣ ತಂದುಕೊಟ್ಟ. "ಸಾಹೇಬ್ರಿಗೆ ಅಂತ ಕಾಕಾನ ಮನಿಯವ್ರು ಕುಟ್ಟಿ ಕೊಟ್ಟಾರ," ಅಂದ. ನಾನು ಅದನ್ನು ತಿನ್ನಲೂ ಇಲ್ಲ, ಎಸೆಯಲೂ ಇಲ್ಲ. ಕಪಾಟಿನಲ್ಲಿ ಎಣ್ಣೆ ಬಿಟ್ಟು ಕಮಟು ಹಿಡಿಯುವವರೆಗೆ ಇತ್ತು.

ಮರುವರ್ಷ ಡಾಕ್ಟರು ಫಲಿತಾಂಶ ಬರೆಯಲು ಕೂತರು. ಒಂದು ದೊಡ್ಡ ಹೋಟೆಲಿನಲ್ಲಿ ವೈದ್ಯರ ಸಭೆ, ಅಲ್ಲಿ ಅವರ ಭಾಷಣ. ಅದಕ್ಕೆ ಪರದೆಯ ಮೇಲೆ ತೋರಿಸುವ ಸ್ಲೈಡುಗಳನ್ನು ಜೋಡಿಸಿದವನು ನಾನು. ಕೊನೆಯ ಕೋಷ್ಟಕದಲ್ಲಿ ಒಂದು ಸಾಲಿತ್ತು: ಮುಂದಿನ ಮಾಹಿತಿ ಸಿಗದೆ ಸಂಪರ್ಕ ತಪ್ಪಿದವರು. ಕಾಕಾನನ್ನು ಅಲ್ಲಿ ಸೇರಿಸಿದ್ದರು. ನಾನು ಪತ್ರ ತೆಗೆದು ಅವರ ಮುಂದೆ ಹರಡಿ, ಪೂರ್ತಿ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಕಾಯಬಹುದಿತ್ತು ಎಂಬ ಭಾಗವನ್ನು ಮಾತ್ರ ಬಿಟ್ಟೆ.

"ಸಂಪರ್ಕ ತಪ್ಪಿಲ್ಲ ಸರ್. ವಿಳಾಸ ಇದೆ. ಹೇಗಿದ್ದಾನೆಂದೂ ಇದೆ."

ಡಾಕ್ಟರು ಪತ್ರವನ್ನು ಮಡಿಚಿ ನನ್ನ ಕಡೆ ಸರಿಸಿದರು. "ಆಪರೇಷನ್ ನಾವು ಮಾಡಿದ್ದಲ್ಲ. ಒಂದು ಪತ್ರವನ್ನು ಮಾಹಿತಿ ಅಂತ ಹಾಕಲು ಬರುವುದಿಲ್ಲ," ಅಂದರು. ಬೇಗ ಪತ್ತೆಯಾದವರ ಸಾಲಿನಲ್ಲಿಯೂ ಅವನನ್ನು ಎಣಿಸಿದ್ದಾರಲ್ಲ ಎಂದು ಕೇಳಿದೆ. ಪತ್ತೆಯಾದದ್ದು ನಿಜ ತಾನೇ, ಅಂದರು.

ಸಭೆಯ ದಿನ ಪ್ರೊಜೆಕ್ಟರಿನ ಗುಂಡಿ ಒತ್ತುವ ಕೆಲಸ ನನ್ನದು. ಆ ಕೋಷ್ಟಕ ಬಂದಾಗ ಒಂದು ಪ್ರಶ್ನೆಯೂ ಏಳಲಿಲ್ಲ. ಚಪ್ಪಾಳೆಯಾಯಿತು. ಡಾಕ್ಟರು ನನ್ನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದರು, ಎದ್ದು ನಿಲ್ಲಲು ಹೇಳಿದರು. ನಾನು ಎದ್ದು ನಿಂತೆ.

ಆ ಸಲ ರಜೆಯಲ್ಲಿ ಮನೆಗೆ ಹೋದವನು ಮೂರನೇ ದಿನವೇ ಬಸ್ಸು ಹತ್ತಿ ಕಾಕಾನ ಊರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಅಂಗಳದ ತಂತಿಯ ಮೇಲೆ ಬಿಳಿ ಬಟ್ಟೆಯ ತುಂಡುಗಳು ಒಣಗುತ್ತಿದ್ದವು, ಸಾಲಾಗಿ. ಕಾಕಾ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದೊಯ್ದ. ಹೆಂಡತಿಯನ್ನು ಕರೆದು, "ಇವ್ರ ನೋಡ, ನನ್ನ ಸಲುವಾಗಿ ಡಾಕ್ಟರ ಸಂಗಾಟ ಜಗಳಾಡಿದವ್ರು," ಅಂದ. ವೆಲ್ಡರ್ ಏನೋ ಬರೆದಿರಬೇಕು. ಆಕೆ ನನಗೆ ಕೈಮುಗಿದಳು. ಚಹಾ ಇಡಲು ಒಳಗೆ ಹೋದಳು.

ಆಕೆ ವಾಪಸು ಬರುವುದರೊಳಗೆ ಹೇಳಿ ಮುಗಿಸಬೇಕೆಂದು ನಾನು ಗಡಬಡಿಸಿ ಹೇಳಿದೆ. ಡಾಕ್ಟರು ಎರಡು ಮಾತು ಹೇಳಿದ್ದರು, ನಾನು ಒಂದನ್ನು ನುಂಗಿದೆ. ಪತ್ರದಲ್ಲೂ ಸುಳ್ಳು ಬರೆದೆ.

ಕಾಕಾ ಕೇಳಿದ, "ಯಾಕ್ರೀ?"

"ನಮ್ಮ ಉಪ್ಪ ಹಾಗೆ ಹೋದರಲ್ಲ ಕಾಕಾ. ನೀವೂ ಹಾಗೇ ಆಗಬಾರದು ಅಂತ."

"ನಿಮ್ಮಪ್ಪ ಬ್ಯಾರೆ, ನಾ ಬ್ಯಾರೆ ಅಲ್ಲೇನ್ರೀ?" ದನಿ ಏರಿಸಲಿಲ್ಲ. "ಹದಿನೆಂಟ ವರ್ಷ ನಾ ಮಂದಿಗೆ ಅಟ್ಟಾ ಕಟ್ಟೀನಿ. ಮ್ಯಾಲ ಹತ್ತೋ ಮುಂದ ಪ್ರತಿಯೊಬ್ಬಗೂ ಹೇಳ್ತಿದ್ದೆ, ಇಲ್ಲಿ ಗಟ್ಟಿ ಐತಿ, ಇಲ್ಲಿ ಸಡ್ಲ ಐತಿ, ನೋಡ್ಕೊಂಡ ಕಾಲಿಡು ಅಂತ. ನೀವು ಸಡ್ಲಿದ್ದದ್ದ ಹೇಳಲಿಲ್ಲ. ಹೇಳಿದ್ರೂ ನಾ ಆಪರೇಷನ್ನೇ ಮಾಡಿಸ್ತಿದ್ನೋ ಏನೋ. ಆದ್ರ ಅದು ನಾ ಮಾಡಿದ್ದಾಕ್ಕಿತ್ತು."

ಆಕೆ ಚಹಾ ತಂದಳು. ಕಾಕಾ ಎದ್ದ. ಏಳುವಾಗ ಅವನ ಧೋತರದ ಮುಂದೆ ಒದ್ದೆ ಹರಡಿತು. ಅವನು ಅದನ್ನು ಮುಚ್ಚಿಕೊಳ್ಳಲಿಲ್ಲ, ನಾನು ನೋಡಲೆಂದೇ ಒಂದು ಗಳಿಗೆ ಹಾಗೇ ನಿಂತ.

"ಚಾ ಕುಡದ ಹೋಗ್ರಿ. ಮತ್ತ ಬರಬ್ಯಾಡ್ರಿ," ಅಂದು ಒಳಕೋಣೆಗೆ ಹೋದ.

ಚಹಾ ಕುಡಿದೆ. ಏನಾಯಿತೆಂದು ತಿಳಿಯದ ಆಕೆ ಎದುರಿಗೇ ನಿಂತಿದ್ದಳು, ಹಾಗಾಗಿ ಕುಡಿಯಲೇಬೇಕಾಯಿತು. ಬಿಸಿಯಿತ್ತು, ನಾಲಿಗೆ ಸುಟ್ಟಿತು.

ದೋಹಾಕ್ಕೆ ಮರಳಿದ ಮೇಲೆ ಡಾಕ್ಟರಿಗೂ ಹೇಳಿದೆ. ಅವರು ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ನೀನು ಎಲ್ಲಾ ಹೇಳಿದೆ ಅಂತ ನಾನು ಕಡತದಲ್ಲಿ ಬರೆದು ಸಹಿ ಮಾಡಿದ್ದೇನೆ," ಅಂದರು. ಕಡತ ತಿದ್ದಲಿಲ್ಲ.

ಇನ್ನೊಂದು ಕ್ಯಾಂಪಿನಲ್ಲಿ ರಕ್ತ ತೆಗೆಯುವ ಸುತ್ತು ಶುರುವಾಗುವುದರಲ್ಲಿತ್ತು. ನಾನು ಒಪ್ಪಿಗೆಪತ್ರದ ಮಾತುಗಳನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಕೈಯಲ್ಲೇ ಬರೆದೆ. ಕಾಯುವ ದಾರಿಯೂ ಉಂಟು, ಆಪರೇಷನ್ನಿನ ತೊಂದರೆಗಳು ಇಂಥವು, ರಿಪೋರ್ಟಿನ ಪ್ರತಿ ಕಂಪನಿಗೆ ಹೋಗುತ್ತದೆ. ಮಲಯಾಳಕ್ಕೂ ಹಿಂದಿಗೂ ಗೆಳೆಯರಿಂದ ಬರೆಸಿದೆ. ಡಾಕ್ಟರು ಕೊನೆಯ ಸಾಲನ್ನು ಹೊಡೆದುಹಾಕಲು ಹೇಳಿದರು. ನಾನು ಆಗುವುದಿಲ್ಲ ಅಂದೆ. ಆ ಶುಕ್ರವಾರ ಕಾರಿನಲ್ಲಿ ನನ್ನ ಜಾಗದಲ್ಲಿ ಬೇರೊಬ್ಬ ಹೋದ. ಎರಡು ತಿಂಗಳಲ್ಲಿ ನಾನು ಬೇರೆ ಕಡೆ ಕೆಲಸ ಹಿಡಿದೆ, ಸಕ್ಕರೆ, ಥೈರಾಯ್ಡ್ ನೋಡುವ ಲ್ಯಾಬಿನಲ್ಲಿ. ಬಿಟ್ಟು ಬಂದದ್ದನ್ನು ಧೈರ್ಯ ಅನ್ನಲಾರೆ. ಆ ಹಾಳೆ ನನ್ನ ಹತ್ತಿರವೇ ಉಳಿಯಿತು, ಓದಬೇಕಾದವರ ಕೈಗೆ ಹೋಗಲಿಲ್ಲ.

ಬಹಳ ವರ್ಷಗಳ ಮೇಲೆ ಆ ವೆಲ್ಡರ್ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ. ಕಾಕಾ ಇದ್ದಾನಂತೆ. ಕ್ಯಾನ್ಸರ್ ಮತ್ತೆ ಬಂದಿಲ್ಲವಂತೆ. ಆಪರೇಷನ್ನಿನಿಂದ ಉಳಿದನೋ, ಅದಿಲ್ಲದೆಯೂ ಉಳಿಯುತ್ತಿದ್ದನೋ ಹೇಳಬಲ್ಲವರು ಯಾರೂ ಇಲ್ಲ, ನಾನು ಓದಿದ ಯಾವ ವೈದ್ಯಪತ್ರಿಕೆಯೂ ಅವನೊಬ್ಬನ ವಿಷಯದಲ್ಲಿ ಅದನ್ನು ಹೇಳಲಾರದು. ಅವನ ಊರಿನಲ್ಲಿ ಒಂದು ಶಾಲೆ ಕಟ್ಟುವಾಗ ಸ್ಕ್ಯಾಫೋಲ್ಡಿಂಗ್ ನೋಡಲು ಕರೆದಿದ್ದರಂತೆ. ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಕೂಗಿ ಕೂಗಿ ಹೇಳಿ ಕಟ್ಟಿಸಿದನಂತೆ. ಮೇಲೆ ಹತ್ತಲಿಲ್ಲವಂತೆ.

"ನನ್ನ ವಿಷಯ ಏನಾದರೂ ಕೇಳ್ತಾರಾ?" ಅಂದೆ.

ವೆಲ್ಡರ್ ಟ್ರಾಲಿಯಲ್ಲಿದ್ದ ಹಾಲಿನ ಪುಡಿಯ ಡಬ್ಬಿಯನ್ನು ಅತ್ತಿತ್ತ ಸರಿಸಿದ. "ಇಲ್ರೀ," ಅಂದ.